ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ

ನೆರೆ ಬಂತು, ಬಿರುಗಾಳಿ ಬೀಸಿತು, ಭೂಮಿ ನಡುಗಿತು ಎಂಬ ವಾರ್ತೆ ಕಿವಿಗೆ ಬಿದ್ದೊಡನೆ ನಮ್ಮೆಲ್ಲರ ಮನಸ್ಸೂ ಕರಗುತ್ತದೆ. ಮನೆಯಲ್ಲಿರುವ ಹಳೆಯ ಬಟ್ಟೆಗಳನ್ನು ಗಂಟು ಕಟ್ಟುತ್ತೇವೆ. ಕೈಲಾದಷ್ಟು ಹಣವನ್ನು ಪರಿಹಾರ ನಿಧಿಗೆ ಹಾಕುತ್ತೇವೆ. ಇದು ಒಳ್ಳೆಯ ಕೆಲಸವೇ. ಆದರೆ ಕೊಟ್ಟದ್ದು ಹೋಗಿ ಮುಟ್ಟಿತೆ, ಮುಟ್ಟಿದ್ದು ಉಪಯೋಗಕ್ಕೆ ಬಂತೆ ಎಂದು ವಿಚಾರಿಸುವುದು ಮಾತ್ರ ಕಡಮೆ. 2004ರ ಸುನಾಮಿಯ ಅನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆ ಮೂಲೆಯಿಂದ ಲಾರಿಗಟ್ಟಲೆ ಹಳೆಯ ಬಟ್ಟೆ ಬಂತು. ಅದರಲ್ಲಿ ಬಹಳಷ್ಟನ್ನು ಯಾರೂ ಮುಟ್ಟಲಿಲ್ಲ. ರಸ್ತೆಯ ಬದಿಯಲ್ಲಿ ರಾಶಿ ರಾಶಿಯಾಗಿ ಬಿದ್ದು ಕೊಳೆಯಿತು. ಕೊಟ್ಟವರ ಮನಸ್ಸಿನಲ್ಲಿ ಕೊರತೆಯಿರಲಿಲ್ಲ. ಪಡೆಯುವವನಿಗೆ ಏನು ಬೇಕು ಎಂಬುದನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಹಾಗಾದರೆ ಆಪತ್ತಿಗೆ ಸಿಕ್ಕಿದ ಬಡವನಿಗೆ ನಿಜವಾಗಿ ಒದಗುವ ನೆರವು ಯಾವುದು? ಈ ಪ್ರಶ್ನೆಗೆ ನಮ್ಮ ನೆರೆಯ ಬಂಗಾಳದಲ್ಲಿ ಒಂದು ಅಪೂರ್ವವಾದ ಉತ್ತರ ದೊರೆಯಿತು. ಆ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

1970ರ ನವೆಂಬರ್ 12ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನದ ಕರಾವಳಿಯ ಮೇಲೆ ಭಯಂಕರವಾದ ಚಂಡಮಾರುತ ಎರಗಿತು. ಕಡಲು ಉಕ್ಕಿ ಭೋಲಾ ಮೊದಲಾದ ತಗ್ಗಿನ ದ್ವೀಪಗಳನ್ನು ಮುಳುಗಿಸಿತು. ಸತ್ತವರ ಸಂಖ್ಯೆ 3 ಲಕ್ಷದಿಂದ 5 ಲಕ್ಷದವರೆಗೆ ಎಂದು ಅಂದಾಜು. ಆ ಗಾಯ ಆರುವ ಮೊದಲೇ, 1971ರ ಮಾರ್ಚ್ ತಿಂಗಳಲ್ಲಿ, ಸೈನಿಕ ದಬ್ಬಾಳಿಕೆ ಪ್ರಾರಂಭವಾಯಿತು. ಉಟ್ಟ ಬಟ್ಟೆಯಲ್ಲಿಯೇ ಮನೆ ಬಿಟ್ಟು ಗಡಿ ದಾಟಿ ನಮ್ಮ ದೇಶಕ್ಕೆ ಬಂದವರು ಸುಮಾರು 1 ಕೋಟಿ ಜನ. ಮರದ ಕೆಳಗೆ, ಶಾಲೆಯ ಜಗುಲಿಯಲ್ಲಿ, ದೊಡ್ಡ ಸಿಮೆಂಟಿನ ಕೊಳವೆಗಳೊಳಗೆ ಅವರು ತಲೆ ಮರೆಸಿಕೊಂಡರು. ಮಳೆಗಾಲ ಹಿಡಿಯಿತು. ಕುಡಿಯುವ ನೀರೂ ಕೊಚ್ಚೆಯ ನೀರೂ ಒಂದಾದವು. ಕಾಲರಾ ಬಂತು.

ಆ ವರ್ಷ ಲೋಕವೇನೂ ಕಣ್ಣು ಮುಚ್ಚಿ ಕುಳಿತಿರಲಿಲ್ಲ. ಆಗಸ್ಟ್ 1ರಂದು ನ್ಯೂಯಾರ್ಕ್ ನಗರದಲ್ಲಿ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಅವರು ನಿರಾಶ್ರಿತರ ಸಹಾಯಾರ್ಥ ಸಂಗೀತ ಕಚೇರಿ ನಡೆಸಿದರು. ಅದರಿಂದ ಬಂದ ಸುಮಾರು 2 ಲಕ್ಷ 43 ಸಾವಿರ ಡಾಲರು ಯುನಿಸೆಫ್ ಸಂಸ್ಥೆಗೆ ಸಂದಿತು. ನಮ್ಮ ದೇಶದಲ್ಲಿ ಆ ನವೆಂಬರಿನಿಂದ 1973ರ ಮಾರ್ಚಿಯವರೆಗೆ ಕಾಗದ ಬರೆದವರು ಮಾಮೂಲು ಅಂಚೆಚೀಟಿಯ ಪಕ್ಕದಲ್ಲಿ ‘ನಿರಾಶ್ರಿತರ ಪರಿಹಾರ’ದ 5 ಪೈಸೆಯ ಚೀಟಿಯೊಂದನ್ನೂ ಅಂಟಿಸಬೇಕಾಗಿತ್ತು. ಆಗಿನ ಮೈಸೂರು ರಾಜ್ಯದ ಹಳ್ಳಿಯಿಂದ ಪಟ್ಟಣದ ಮಗನಿಗೆ ಬರೆದ ಲಕೋಟೆಯ ಮೇಲೂ ಆ ಚೀಟಿ ಇರುತ್ತಿತ್ತು. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳಿದ್ದರೆ ತೆಗೆದು ನೋಡಿ, ಕಣ್ಣಿಗೆ ಬಿದ್ದೀತು.

ಆದರೆ ಹಣ ಎಷ್ಟೇ ಇದ್ದರೂ ಕಾಲರಾ ಕಾಯುವುದಿಲ್ಲ. ಆ ರೋಗದ ರೀತಿಯೇ ಬೇರೆ. ಅದರ ಸೂಕ್ಷ್ಮಾಣುವು ರಕ್ತಕ್ಕೆ ಇಳಿಯುವುದಿಲ್ಲ, ಮಾಂಸವನ್ನು ತಿನ್ನುವುದಿಲ್ಲ. ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಒಂದು ವಿಷವನ್ನು ಸುರಿಸುತ್ತದೆ. ಆ ವಿಷದ ಪ್ರಭಾವದಿಂದ ಮೈಯೊಳಗಿನ ನೀರೂ ಉಪ್ಪೂ ಕರುಳಿಗೆ ಸೋರಿ ಹೊರಕ್ಕೆ ಹರಿಯತೊಡಗುತ್ತದೆ. ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗುವುದುಂಟು. ಕಣ್ಣು ಗುಳಿ ಬೀಳುತ್ತದೆ, ಬೆರಳ ತುದಿ ಸುಕ್ಕುಗಟ್ಟುತ್ತದೆ, ನಾಡಿ ಕೈಗೆ ಸಿಗದಾಗುತ್ತದೆ. ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಇಲ್ಲ. ಕಾಲರಾದಿಂದ ಸಾಯುವವನು ವಾಸ್ತವವಾಗಿ ನೀರಿಲ್ಲದೆ ಒಣಗಿ ಸಾಯುತ್ತಾನೆ. ಇದು ತಿಳಿಯದೆ, ‘ಕುಡಿದದ್ದೆಲ್ಲ ಹೊರಗೆ ಹೋಗುತ್ತದೆ, ನೀರು ಕೊಡಬೇಡಿ’ ಎಂದು ಬಾಯಾರಿದ ರೋಗಿಯ ಕೈಯಿಂದ ಲೋಟ ಕಸಿಯುತ್ತಿದ್ದ ಕಾಲವೂ ಇತ್ತು.

ಕಳೆದುಹೋದ ನೀರನ್ನು ರಕ್ತನಾಳದ ಮೂಲಕ ಮರಳಿ ತುಂಬಿದರೆ ರೋಗಿ ಬದುಕುತ್ತಾನೆಂಬುದು ವೈದ್ಯರಿಗೆ ಗೊತ್ತಿತ್ತು. ಅದಕ್ಕೆ ಶುದ್ಧವಾದ ಲವಣಜಲದ ಬಾಟಲಿಗಳು ಬೇಕು, ಸೂಜಿ ಬೇಕು, ಸೂಜಿ ಚುಚ್ಚಬಲ್ಲ ಕೈ ಬೇಕು. ಕೆಸರಿನಲ್ಲಿ ಮಲಗಿದ ಸಾವಿರಾರು ಜನರಿಗೆ ಇವೆಲ್ಲ ಎಲ್ಲಿಂದ ಬರಬೇಕು?

ಬಾಯಿಂದಲೇ ನೀರು ಕೊಟ್ಟರೆ ಆಗದೆ? ಬರಿಯ ನೀರನ್ನಾಗಲಿ, ಬರಿಯ ಉಪ್ಪುನೀರನ್ನಾಗಲಿ ಆ ಕರುಳು ಸಾಕಷ್ಟು ಹೀರುವುದಿಲ್ಲ, ಇದು ನಿಜ. ಆದರೆ ಕರುಳಿನ ಗೋಡೆಯಲ್ಲಿ ಇನ್ನೊಂದು ಬಾಗಿಲುಂಟು. ಅದು ಉಪ್ಪೂ ಗ್ಲೂಕೋಸ್ ಎಂಬ ಸಕ್ಕರೆಯೂ ಜೊತೆಯಾಗಿ ಬಂದಾಗ ತೆರೆಯುವ ಬಾಗಿಲು. ಇವೆರಡೂ ಒಳಗೆ ಹೋದರೆ ನೀರು ಅವುಗಳ ಹಿಂದೆಯೇ ಹೋಗುತ್ತದೆ. ಈ ಜೋಡಿಯ ಮರ್ಮವನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ವಿವರಿಸಿದರು. ಕಾಲರಾದ ವಿಷ ಎಷ್ಟೇ ಹಾವಳಿ ಮಾಡಿದರೂ ಈ ಒಂದು ಬಾಗಿಲನ್ನು ಮುಚ್ಚಲಾರದು. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಮೊದಲಾದವರು ಉಪ್ಪು-ಗ್ಲೂಕೋಸಿನ ನೀರನ್ನು ರೋಗಿಗಳಿಗೆ ಅಳೆದು ಕುಡಿಸಿ, ಅದು ಮೈಗೆ ಹತ್ತುವುದೆಂದು ತೋರಿಸಿದರು. ಆದರೆ ಅದು ಆಸ್ಪತ್ರೆಯ ಪ್ರಯೋಗ. ಪಕ್ಕದಲ್ಲಿ ವೈದ್ಯರು, ದಾದಿಯರು, ಅಳತೆಯ ಪಾತ್ರೆಗಳು ಎಲ್ಲವೂ ಇದ್ದವು.

ಈಗ ಬನಗಾಂವ್‌ಗೆ ಬನ್ನಿ. ಪಶ್ಚಿಮ ಬಂಗಾಳದ ಗಡಿಯ ಈ ಊರಿನ ಆಸ್ಪತ್ರೆಗೆ 1971ರ ಜೂನ್ ತಿಂಗಳ ಕೊನೆಯಲ್ಲಿ ಕಲ್ಕತ್ತದಿಂದ ಡಾಕ್ಟರ್ ದಿಲೀಪ್ ಮಹಲನಬಿಸ್ ಬಂದರು. ಅವರು ಮಕ್ಕಳ ವೈದ್ಯರು. ಕಾಲರಾ ರೋಗಿಗಳಿಗೆ ಮೀಸಲಾದದ್ದು ಎರಡು ಕೋಣೆ. ನೆಲದ ಮೇಲೆ ಕಾಲಿಡಲು ಜಾಗವಿಲ್ಲದಂತೆ ಜನ ಮಲಗಿದ್ದರು. ಸೂಜಿ ಚುಚ್ಚಬೇಕಾದರೆ ಮಲ, ವಾಂತಿಗಳ ನಡುವೆಯೇ ಮಂಡಿಯೂರಬೇಕಾಗಿತ್ತು. ಲವಣಜಲದ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಆಗ ಅವರು, ಬೇರೆ ದಾರಿಯಿಲ್ಲವೆಂದು ಕಂಡು, ಒಂದು ನಿರ್ಧಾರ ಮಾಡಿದರು. ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡಿಗೆ ಉಪ್ಪು, ಎರಡೂವರೆ ಗ್ರಾಂ ಅಡಿಗೆ ಸೋಡಾ. ಕಲ್ಕತ್ತದ ತಮ್ಮ ಸಂಶೋಧನ ಕೇಂದ್ರದಲ್ಲಿ ಇವನ್ನು ತೂಗಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಿಸಿ ಇಸ್ತ್ರಿಯಿಂದ ಬಾಯಿ ಮುಚ್ಚಿ ಗಡಿಗೆ ಸಾಗಿಸಿದರು. ಲೀಟರಿಗೆ ತಗಲಿದ ಖರ್ಚು ಸುಮಾರು 11 ಪೈಸೆ. ಮೇಲೆ ಹೇಳಿದ ಅಂಚೆಚೀಟಿ ಎರಡರ ಬೆಲೆ ಎಂದಿಟ್ಟುಕೊಳ್ಳಿ.

ಅದನ್ನು ಕುಡಿಸಿದವರು ಯಾರು? ದಾದಿಯರು ಸಾಲದಾಗಿದ್ದರು. ರೋಗಿಯ ತಾಯಿ, ಅಕ್ಕ, ಗಂಡ, ಮಗ, ಯಾರು ಪಕ್ಕದಲ್ಲಿ ಕುಳಿತಿದ್ದರೋ ಅವರ ಕೈಗೇ ಲೋಟ ಕೊಟ್ಟರು. ಬಾಯಾರಿಕೆ ತೀರುವವರೆಗೂ ಕುಡಿಸಿ ಎಂದರು. ಎಂಟು ವಾರಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆ ನಡೆಯಿತು. ಮೊದಲು ನೂರಕ್ಕೆ 30ರಷ್ಟಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು.

ರೇಡಿಯೋ ಕೇಳುವವರಿಗೆ ಇಲ್ಲೊಂದು ಹೆಮ್ಮೆಯ ಮಾತುಂಟು. ಉಪ್ಪು, ಗ್ಲೂಕೋಸುಗಳನ್ನು ಬೆರೆಸುವ ವಿಧಾನವನ್ನು ಕರಪತ್ರಗಳಲ್ಲಿ ಅಚ್ಚು ಮಾಡಿ ಗಡಿಯುದ್ದಕ್ಕೂ ಹಂಚಿದರು. ಓದು ಬಾರದವರು ಏನು ಮಾಡಬೇಕು? ಗುಪ್ತವಾಗಿ ನಡೆಯುತ್ತಿದ್ದ ಬಾಂಗ್ಲಾ ಬಾನುಲಿ ಕೇಂದ್ರವೊಂದು ಅದೇ ವಿಧಾನವನ್ನು ಪ್ರಸಾರ ಮಾಡಿತು. ಗಡಿ ದಾಟಲಾರದೆ ಆಚೆ ಉಳಿದವರಿಗೆ ಔಷಧವನ್ನು ಕಳುಹಿಸುವಂತಿರಲಿಲ್ಲ. ಔಷಧದ ತಿಳಿವಳಿಕೆಯನ್ನು ಕಳುಹಿಸುವುದು ಸಾಧ್ಯವಾಯಿತು. ಮಾತಿಗೆ ಕಾವಲುಗಾರನ ತಡೆಯಿಲ್ಲ.

ಇಷ್ಟಾದರೂ ವೈದ್ಯಲೋಕ ಕೂಡಲೆ ನಂಬಲಿಲ್ಲ. ಉಪ್ಪು ಸಕ್ಕರೆಯ ನೀರಿನಿಂದ ಕಾಲರಾ ಗುಣವಾಗುವುದೆ ಎಂದು ಮೂಗು ಮುರಿದವರೇ ಹೆಚ್ಚು. ಬನಗಾಂವ್‌ನ ವರದಿ ಅಚ್ಚಾದದ್ದು 1973ರಲ್ಲಿ. ಅದನ್ನು ಕಣ್ಣಾರೆ ಕಂಡಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಡಾಕ್ಟರ್ ಧೀಮಾನ್ ಬರುವಾ ಮುಂತಾದವರು ಪಟ್ಟು ಬಿಡದೆ ವಾದಿಸಿದ್ದರಿಂದ ಲೋಕ ಒಪ್ಪಿತು. ಮಹಲನಬಿಸ್ ಅವರು 2022ರ ಅಕ್ಟೋಬರಿನಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಭಾರತ ಸರ್ಕಾರದ ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಶಿಬಿರದ ವಿದ್ಯೆ ಗುಡಿಸಲಿಗೆ ಹೋಗಬೇಡವೆ? ಆ ಕೆಲಸವನ್ನು ಕೈಗೊಂಡದ್ದು ಬಾಂಗ್ಲಾದೇಶದ ಬ್ರಾಕ್ ಎಂಬ ಸೇವಾಸಂಸ್ಥೆ. ಚಂಡಮಾರುತವನ್ನೂ ಯುದ್ಧವನ್ನೂ ಕಂಡು ಮನನೊಂದ ಫಜ್ಲೆ ಹಸನ್ ಅಬೇದ್ ಅವರು ಲಂಡನ್ನಿನಲ್ಲಿದ್ದ ತಮ್ಮ ಮನೆಯನ್ನು ಮಾರಿ, 1972ರಲ್ಲಿ ಅದನ್ನು ಕಟ್ಟಿದರು. 1980ರಿಂದ 1990ರವರೆಗೆ ಬ್ರಾಕ್‌ನ ಹೆಣ್ಣುಮಕ್ಕಳು ತಂಡ ತಂಡವಾಗಿ ಹಳ್ಳಿಯಿಂದ ಹಳ್ಳಿಗೆ ನಡೆದರು. ಹಳ್ಳಿಯಲ್ಲಿ ಗ್ಲೂಕೋಸ್ ಎಲ್ಲಿ ಬಂತು? ಬೆಲ್ಲವುಂಟು. ತಕ್ಕಡಿ ಎಲ್ಲಿ ಬಂತು? ಬೆರಳುಗಳುಂಟು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಇಷ್ಟೇ ಪಾಠ. ಹೇಳಿ ಹೊರಟುಹೋಗುವಂತಿರಲಿಲ್ಲ, ತಾಯಿಯು ತನ್ನ ಕೈಯಿಂದ ಕಲಸಿ ತೋರಿಸಬೇಕಾಗಿತ್ತು. ತಿಂಗಳ ಅನಂತರ ಬೇರೊಬ್ಬರು ಹೋಗಿ ಕೆಲವು ತಾಯಂದಿರನ್ನು ಪರೀಕ್ಷಿಸುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರಂತೆ ಕಲಿಸಿದವಳಿಗೆ ಸಂಬಳ!

ಮೊದಮೊದಲು ತಾಯಂದಿರು ಪಾಠ ಒಪ್ಪಿಸಿದರು, ಆದರೆ ಮಗುವಿಗೆ ಭೇದಿಯಾದಾಗ ನೀರು ಕಲಸಲಿಲ್ಲ. ಕಾರಣವನ್ನು ಹುಡುಕಿದಾಗ ಎರಡು ಸಂಗತಿ ಹೊರಬಿದ್ದವು. ಕಲಿಸುವವರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ. ಮನೆಯ ಗಂಡಸರಿಗೆ ತಮ್ಮನ್ನು ಕೇಳಲಿಲ್ಲವೆಂಬ ಅಸಮಾಧಾನವಿತ್ತು. ಬ್ರಾಕ್ ಎರಡನ್ನೂ ತಿದ್ದಿಕೊಂಡಿತು. ಕಲಿಸುವವರಿಗೆ ಆ ನೀರು ಕೆಲಸ ಮಾಡುವುದನ್ನು ಪ್ರತ್ಯಕ್ಷವಾಗಿ ತೋರಿಸಿದರು. ಸಂತೆ, ಶಾಲೆ, ಮಸೀದಿಗಳಲ್ಲಿ ಗಂಡಸರೊಡನೆ ಮಾತನಾಡಿದರು. ಹತ್ತು ವರ್ಷಗಳಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಪಾಠ ಮುಟ್ಟಿತು. ಅಲ್ಲಿ ಕಲಿತ ತಾಯಿ ಮಗಳಿಗೆ ಕಲಿಸಿದಳು. ಪಾಠ ಮನೆಯ ಆಸ್ತಿಯಾಯಿತು.

ಕೊಡುವವರು ಇದರಿಂದ ಏನನ್ನು ಕಲಿಯಬಹುದು? ದಾನದಲ್ಲಿ ಎರಡು ಬಗೆಯುಂಟು. ಅನ್ನ, ಬಟ್ಟೆ, ಹಣ ಇವು ಒಂದು ಬಗೆ. ಆಪತ್ತಿನ ದಿನ ಇವು ಬೇಕೇ ಬೇಕು, ಆದರೆ ಬಳಸಿದಂತೆ ಕರಗುತ್ತವೆ. ತಿಳಿವಳಿಕೆ ಇನ್ನೊಂದು ಬಗೆ. ಅದು ಪಡೆದವನ ಕೈಯಲ್ಲಿಯೇ ಉಳಿದು, ಮುಂದಿನ ನೆರೆಗೂ ಒದಗುತ್ತದೆ. ಬನಗಾಂವ್‌ನಲ್ಲಿ ಲೋಟ ಹಿಡಿದ ತಾಯಿಯನ್ನು ಯಾರೂ ಭಿಕ್ಷೆ ಬೇಡುವವಳೆಂದು ಕಾಣಲಿಲ್ಲ. ಅವಳನ್ನೇ ವೈದ್ಯಳನ್ನಾಗಿ ಮಾಡಿದರು.

ಇದು ದೂರದ ಊರಿನ ಮಾತೆಂದು ಭಾವಿಸಬಾರದು. 2009ರಲ್ಲಿ ಉತ್ತರ ಕರ್ನಾಟಕದ ಊರುಗಳು ನೀರಿನಲ್ಲಿ ನಿಂತದ್ದನ್ನೂ 2019ರಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿದ್ದನ್ನೂ ನಾವು ಕಂಡಿದ್ದೇವೆ. ನೆರೆ ಇಳಿದ ಮೇಲೆ ಬಾವಿ ಕೆಡುತ್ತದೆ, ಕೊಳಾಯಿ ಒಡೆಯುತ್ತದೆ, ವಾಂತಿಭೇದಿ ಕಾದುಕೊಂಡಿರುತ್ತದೆ. 1980ರ ಸುಮಾರಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 45 ಲಕ್ಷಕ್ಕೂ ಮಿಕ್ಕಿ ಎಳೆಯ ಮಕ್ಕಳು ಭೇದಿಯಿಂದ ಸಾಯುತ್ತಿದ್ದರು. ಈಗ ಆ ಸಂಖ್ಯೆ ನಾಲ್ಕೂವರೆ ಲಕ್ಷದ ಸಮೀಪಕ್ಕೆ ಇಳಿದಿದೆ. ಇಳಿದದ್ದು ಸಂತೋಷ, ಉಳಿದದ್ದು ನಾಚಿಕೆ. ಏಕೆಂದರೆ ಮದ್ದು ಅಡಿಗೆಮನೆಯಲ್ಲಿಯೇ ಇದೆ.

ಆದ್ದರಿಂದ ಈ ಕೆಲವು ಮಾತುಗಳನ್ನು ಮನೆಯವರೆಲ್ಲರೂ ನೆನಪಿಡುವುದು ಒಳ್ಳೆಯದು. ಭೇದಿ ಪ್ರಾರಂಭವಾದೊಡನೆ ಓಆರ್‌ಎಸ್ ಪೊಟ್ಟಣ ತನ್ನಿ. ಆಶಾ ಕಾರ್ಯಕರ್ತೆಯರಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದು ದೊರೆಯುತ್ತದೆ. ಅಂಗಡಿಯಲ್ಲಿ ಕೊಳ್ಳುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದ್ದೇ ಎಂದು ಓದಿ ನೋಡಿ. ಹೆಸರಿಗೆ ಮಾತ್ರ ಓಆರ್‌ಎಸ್ ಎನಿಸಿಕೊಂಡ ಸಿಹಿಪಾನೀಯಗಳೂ ಮಾರಾಟಕ್ಕೆ ಬಂದದ್ದುಂಟು. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರು ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ. ಇದಕ್ಕಿಂತ ಹೆಚ್ಚು ಉಪ್ಪು ಹಾಕಕೂಡದು, ಮಗುವಿಗೆ ಅಪಾಯ. ಹೆಚ್ಚು ಸಕ್ಕರೆಯೂ ಕೂಡದು, ಭೇದಿ ಜಾಸ್ತಿಯಾಗುತ್ತದೆ. ಕಲಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ತಡೆದು, ಚಮಚ ಚಮಚವಾಗಿ ಮತ್ತೆ ಕುಡಿಸಿ. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬೇಡಿ. ಮಗುವಿಗೆ ವೈದ್ಯರು ಸತುವಿನ ಮಾತ್ರೆ ಕೊಟ್ಟರೆ, ಭೇದಿ ನಿಂತರೂ ಹೇಳಿದಷ್ಟು ದಿನ ಪೂರ್ತಿಯಾಗಿ ಕೊಡಿ. ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಕಣ್ಣು ಗುಳಿ ಬಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲಿಯೂ, ನುಂಗಲು ಶಕ್ತಿಯಿರುವವರೆಗೆ, ಕುಡಿಸುತ್ತಲೇ ಇರಿ.

ಇನ್ನೊಮ್ಮೆ ಎಲ್ಲಿಯಾದರೂ ನೆರೆ ಬಂದಿತೆಂದು ಕೇಳಿ ಗಂಟು ಕಟ್ಟಲು ಕುಳಿತಾಗ, ಅಲ್ಲಿಯವರಿಗೆ ಏನು ಬೇಕೆಂದು ಮೊದಲು ಕೇಳಿ ತಿಳಿಯಿರಿ. ಅದಕ್ಕೂ ಮೊದಲು ಇವೊತ್ತೇ ಮಾಡಬಹುದಾದ ದಾನವೊಂದಿದೆ. ನಿಮ್ಮ ಮನೆಯ ಕೆಲಸಕ್ಕೆ ಬರುವಾಕೆಗೋ, ನೆರೆಮನೆಯ ಹೊಸ ತಾಯಿಗೋ ಈ ನೀರನ್ನು ಕಲಸುವುದನ್ನು ತೋರಿಸಿಕೊಡಿ. ತೋರಿಸಿ ಎದ್ದುಬಿಡಬೇಡಿ, ಅವರ ಕೈಯಿಂದಲೇ ಒಮ್ಮೆ ಕಲಸಿಸಿ ನೋಡಿ.