ನಿಮಗಿದು ಗೊತ್ತೆ? ಬೆಳ್ಳಿಗೂದಲ ಕೂಸಿಗೆ ಬಿಸಿಲು ಆಗದು
ಮಲಪ್ರಭೆ ದಂಡೆಯ ಮನೋಳಿಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು ಎಲ್ಲರ ಕಣ್ಣು ಕುಕ್ಕುತ್ತದೆ. ಹುಟ್ಟಿನಿಂದಲೇ ಕೂದಲು, ರೆಪ್ಪೆ, ಹುಬ್ಬು ಬೆಳ್ಳಗಿರುವ ಮಗುವಿಗಂತೂ ಮೈ ಕೆಂಪೇರಿ ಉರಿಯುತ್ತದೆ. ಇದು ಆಲ್ಬಿನಿಸಂ. ತೊನ್ನಲ್ಲ, ಅಂಟುರೋಗವಲ್ಲ, ಬಸುರಿ ಗ್ರಹಣ ನೋಡಿದ್ದರ ಫಲವಂತೂ ಅಲ್ಲವೇ ಅಲ್ಲ. ಬಿಸಿಲು ತಡೆಯುವ ಮೆಲನಿನ್ ಎಂಬ ಬಣ್ಣ ದೇಹದಲ್ಲಿ ತಯಾರಾಗುವುದಿಲ್ಲ, ತಯಾರಾದರೂ ತೀರಾ ಕಡಿಮೆ. ಸಾಮಾನ್ಯವಾಗಿ ತಂದೆ-ತಾಯಿ ಇಬ್ಬರಲ್ಲೂ ಆಲ್ಬಿನಿಸಂನ ಜೀನ್ ಇದ್ದರೆ ಪ್ರತಿ ಹೆರಿಗೆಯಲ್ಲೂ ಸಾಧ್ಯತೆ 4ರಲ್ಲಿ 1. ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಕಡೆ ಇಂಥ ಜೋಡಿ ಕೂಡಿಬರುವುದು ಸುಲಭ! ಕಣ್ಣಿನ ಒಳಪರದೆ ಪೂರ್ತಿ ಬೆಳೆಯದ್ದರಿಂದ ಬೋರ್ಡಿನ ಅಕ್ಷರವೂ ಮಸುಕು, ಮಗು ದಡ್ಡನಲ್ಲ. ಮುಂದಿನ ಬೆಂಚಿನಲ್ಲಿ ಕೂಡಿಸಿ. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿಗೆ ಹಾಕಿ, ಮಟಮಟ ಮಧ್ಯಾಹ್ನ ಹೊರಗೆ ಬಿಡಬೇಡಿ.