ಕೊಡಗಿನ ಮಾಜಿ ಸೈನಿಕರೂ ಅವರ ಸಂಘಗಳೂ

ನಮ್ಮ ನಾಡಿನ ವೀರಗಲ್ಲುಗಳು ಕಾಳಗದಲ್ಲಿ ಮಡಿದವರಿಗಾಗಿ ನಿಂತವು. ಕಾಳಗವನ್ನು ಮುಗಿಸಿ ಮನೆಗೆ ಮರಳಿದವನಿಗೆ ಕಲ್ಲಿಲ್ಲ. ಅವನ ಸೇವೆಯ ನೆನಪು ಜೊತೆಗಾರರಲ್ಲಿಯೇ ಉಳಿಯತಕ್ಕದ್ದು. ಮಾಜಿ ಸೈನಿಕರ ಸಂಘಗಳ ಹುಟ್ಟಿಗೆ ಇದೂ ಒಂದು ಕಾರಣವೆಂದು ನನ್ನ ಭಾವನೆ.

1949ರ ಜನವರಿ 15ರಂದು ನಮ್ಮ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರೂ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯನವರೂ ಕೊಡಗಿನವರೆಂಬುದು ಸರ್ವವಿದಿತ. ಕಾರ್ಯಪ್ಪನವರು ನಿವೃತ್ತಿಯ ತರುವಾಯ, 1964ರಲ್ಲಿ, ಭಾರತೀಯ ಮಾಜಿ ಸೈನಿಕರ ಲೀಗನ್ನು ಸ್ಥಾಪಿಸಿದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಪದವಿಯಲ್ಲಿದ್ದಾಗ ಮಾಡಿದ ಕಾರ್ಯಕ್ಕಿಂತ ಇದೇನೂ ಕಿರಿದಲ್ಲ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಭಾರತೀಯ ಸೇನೆಯ ಬಲ 25 ಲಕ್ಷವನ್ನು ಮುಟ್ಟಿತ್ತು. ಆ ತಲೆಮಾರು ಇಂದು ಕಣ್ಮರೆಯಾಗುವ ಹಂತದಲ್ಲಿದೆ. 1971ರಲ್ಲಿ ಇಪ್ಪತ್ತರ ತರುಣನಾಗಿದ್ದವನೂ ಎಪ್ಪತ್ತನ್ನು ದಾಟಿದ್ದಾನೆ. ಕೊಡವರಲ್ಲಿ ಮರಣವನ್ನು ಎರಡು ಗುಂಡು ಹಾರಿಸಿ ಸಾರುವ ಪದ್ಧತಿಯುಂಟು. ಆ ಸದ್ದು ಕೇಳಿದಾಗ ಸಂಘದ ಪಟ್ಟಿಯಲ್ಲಿ ಒಂದು ಹೆಸರು ಕಳೆಯಿತೆಂದು ಅರಿಯಬೇಕಾದ ಸಂದರ್ಭಗಳು ಹೆಚ್ಚುತ್ತಿವೆ.

ಕಳೆದ ಸ್ಥಾನ ತುಂಬುವುದು ಸುಲಭವಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519 ಮಾತ್ರ. ಸೈನಿಕರ ನೇಮಕಾತಿಯಲ್ಲಿ ಪ್ರಾಂತ್ಯಗಳ ಪಾಲು ಜನಸಂಖ್ಯೆಯನ್ನು ಅನುಸರಿಸುವುದರಿಂದ ಪುಟ್ಟ ಜಿಲ್ಲೆಗೆ ದೊಡ್ಡ ಪಾಲು ದೊರೆಯದು. ಓದಿದ ಮಕ್ಕಳಿಗೆ ಬೆಂಗಳೂರು ಹತ್ತಿರ, ಸೇನೆ ದೂರ. 2007ರಲ್ಲಿ ಕೂಡಿಗೆಯಲ್ಲಿ ಸೈನಿಕ ಶಾಲೆ ಆರಂಭವಾದುದು ಸಂತೋಷವೇ. ಆದರೆ ಅಲ್ಲಿ ಓದುವವರೆಲ್ಲರೂ ಕೊಡಗಿನವರಲ್ಲ. ಇದರ ಮೇಲೆ 2022ರ ಅಗ್ನಿಪಥ ಯೋಜನೆ ಬಂದಿದೆ. ನಾಲ್ಕು ವರ್ಷಗಳ ಬಳಿಕ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಖಾಯಂ ಸೇವೆಗೆ ಅವಕಾಶ. ಉಳಿದವರಿಗೆ ನಿವೃತ್ತಿವೇತನವೂ ಇಲ್ಲ, ಮಾಜಿ ಸೈನಿಕರೆಂಬ ಮಾನ್ಯತೆಯೂ ಇಲ್ಲ. ಅವರನ್ನು ಸಂಘಗಳು ಒಳಗೆ ಬರಮಾಡಿಕೊಳ್ಳುವುವೆ?

ಸಂಘವೆಂದರೆ ಧ್ವಜವಂದನೆ, ಸನ್ಮಾನ, ಉಪಾಹಾರ ಎಂದು ತಿಳಿದವರುಂಟು. ಅದರ ನಿಜವಾದ ಕೆಲಸ ಕಾಗದಪತ್ರಗಳಲ್ಲಿದೆ. ಸೈನಿಕನು ತೀರಿಕೊಂಡರೆ ಪತ್ನಿಗೆ ಕುಟುಂಬ ವೇತನ ಸಲ್ಲಬೇಕು. ಡಿಸ್ಚಾರ್ಜ್ ಪುಸ್ತಕದಲ್ಲಿ ಆಕೆಯ ಹೆಸರು ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ. ಕೊಡಗಿನಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ; ಮದುವೆಯಾದ ಹೆಣ್ಣಿಗೆ ಮನೆತನವೇ ಬದಲಾಗುತ್ತದೆ. ವೆಲ್ಲಿಂಗ್ಟನ್ನಿನಲ್ಲೋ ನಾಸಿಕದಲ್ಲೋ ಇರುವ ದಾಖಲೆ ಕಚೇರಿಯ ಗುಮಾಸ್ತನಿಗೆ ಇದು ಹೇಗೆ ತಿಳಿಯಬೇಕು? ಅದನ್ನು ವಿವರಿಸಿ ಬರೆಯಬಲ್ಲ ಒಬ್ಬ ನಿವೃತ್ತ ಸುಬೇದಾರರು ಊರಿನಲ್ಲಿದ್ದರೆ ಆ ವಿಧವೆ ಬದುಕಿಕೊಂಡಳು. ವರ್ಷಕ್ಕೊಮ್ಮೆ ಸಲ್ಲಿಸುವ ಜೀವಿತ ಪ್ರಮಾಣಪತ್ರ ಈಗ ಗಣಕಯಂತ್ರದ ಮೂಲಕ ಹೋಗುವಂತಾದ ಮೇಲಂತೂ ಇಂಥವರ ಅಗತ್ಯ ಇಮ್ಮಡಿಸಿದೆ. ಸದಸ್ಯರು ಕಡಿಮೆಯಾಗುವ ಹೊತ್ತಿಗೇ ನೆರವು ಬೇಡುವ ವಿಧವೆಯರು ಹೆಚ್ಚುವುದು ಈ ಸಂಘಗಳ ವಿಚಿತ್ರ ಗತಿ.

ಹೊರದೇಶಗಳಲ್ಲಿ ಇದರ ಕೊನೆಯನ್ನೂ ಕಂಡಿದ್ದಾರೆ. ಅಮೆರಿಕದ ಅಂತರ್ಯುದ್ಧದ ಯೋಧರು 1866ರಲ್ಲಿ ಕಟ್ಟಿದ ಸಂಘದಲ್ಲಿ ಒಮ್ಮೆ ನಾಲ್ಕು ಲಕ್ಷಕ್ಕೂ ಮಿಕ್ಕಿ ಸದಸ್ಯರಿದ್ದರು. 1956ರಲ್ಲಿ ಕೊನೆಯ ಸದಸ್ಯ ತೀರಿಕೊಂಡಾಗ ಅದೂ ಮುಗಿಯಿತು. ಇಂಗ್ಲೆಂಡಿನ ನಾರ್ಮಂಡಿ ಯೋಧರ ಸಂಘವು 2014ರಲ್ಲಿ ತಾನಾಗಿಯೇ ವಿಸರ್ಜನೆಗೊಂಡಿತು. ಒಂದೇ ಯುದ್ಧಕ್ಕೆ ಸೇರಿದ ಸಂಘಗಳಿಗೆ ಅದು ಸಹಜ. ನಮ್ಮವು ಹಾಗಲ್ಲ, ಇವುಗಳಿಗೆ ಪ್ರತಿವರ್ಷ ನಿವೃತ್ತರು ಬರುತ್ತಲೇ ಇರುತ್ತಾರೆ, ಹಿಂದಿನಷ್ಟು ಅಲ್ಲದಿದ್ದರೂ.

ಬರವಣಿಗೆ ಬಲ್ಲ ಉಪಾಧ್ಯಾಯರೂ ಹಿರಿಯ ವಿದ್ಯಾರ್ಥಿಗಳೂ ತಿಂಗಳಿಗೆ ಒಂದು ಭಾನುವಾರ ಈ ಸಂಘಗಳ ಕಾಗದಪತ್ರಗಳಿಗೆ ಕೈಜೋಡಿಸಬಹುದು. ಸೈನಿಕನಾಗಿರಬೇಕೆಂಬ ನಿಯಮ ಈ ಕೆಲಸಕ್ಕಿಲ್ಲ.