ಹರಳುಗಳ ನಡುವಣ ಬದು

ಸೀಸದ ಸಲ್ಫೈಡ್ ನೆಲದಡಿಯಲ್ಲಿ ಗೆಲೀನ ಎಂಬ ಹೊಳಪುಳ್ಳ ಬೂದುಬಣ್ಣದ ಅದಿರಾಗಿ ದೊರೆಯುವ ಅರೆವಾಹಕ, ಎಂದರೆ ವಿದ್ಯುತ್ತನ್ನು ಲೋಹದಷ್ಟು ಸರಾಗವಾಗಿ ಹರಿಯಗೊಡದ, ಗಾಜಿನಂತೆ ಪೂರ್ತಿ ತಡೆಯಲೂ ಆರದ ವಸ್ತು. ಜಗದೀಶಚಂದ್ರ ಬೋಸರು 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ವಿದ್ಯುದಲೆಗಳ ಶೋಧಕದಲ್ಲಿ ಬಳಸಿದ್ದೂ ಈ ಗೆಲೀನದ ಹರಳನ್ನೇ. ಇದರ ಪರಮಾಣುಗಳ ಬಂಧದಲ್ಲಿ ಸಿಲುಕಿದ ಎಲೆಕ್ಟ್ರಾನನ್ನು ಬಿಡಿಸಲು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 0.4 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಸಾಕಾಗುವುದರಿಂದ, ಸುಮಾರು 3 ಮೈಕ್ರೋಮೀಟರ್ ಅಲೆಯುದ್ದದವರೆಗಿನ, ಕಣ್ಣಿಗೆ ಕಾಣದ ಅವಕೆಂಪು ಕಿರಣವೂ ಆ ಕೆಲಸವನ್ನು ಮಾಡಬಲ್ಲದು. ಎಲೆಕ್ಟ್ರಾನು ತೆರವು ಮಾಡಿದ ಜಾಗವು ತಾನೂ ಧನಾವೇಶದ ಕಣದಂತೆ ಸಂಚರಿಸುತ್ತದೆ. ಅದಕ್ಕೆ ರಂಧ್ರವೆಂದು ಹೆಸರು. ಹೀಗೆ ಬೆಳಕು ಬಿದ್ದಾಗ ವಾಹಕತೆ ಹೆಚ್ಚುವ ಗುಣವೇ ದ್ಯುತಿವಾಹಕತೆ.

ಲೋಪವಿಲ್ಲದ ಒಂದೇ ದೊಡ್ಡ ಹರಳು ಬೆಳಕಿಗೆ ಎಲ್ಲಕ್ಕಿಂತ ಚೆನ್ನಾಗಿ ಸ್ಪಂದಿಸಬೇಕೆಂದು ತೋರುವುದು ಸಹಜವಾದರೂ, ಬಳಕೆಯಲ್ಲಿ ನೆಲೆನಿಂತದ್ದು ಅಸಂಖ್ಯ ಚಿಕ್ಕ ಹರಳುಗಳು ಒತ್ತೊತ್ತಾಗಿ ಕೂಡಿದ ತೆಳುಪದರ. ಸೀಸದ ಲವಣ, ಥಯೋಯೂರಿಯಾ ಮತ್ತು ಕ್ಷಾರ ಬೆರೆತ ದ್ರಾವಣದಲ್ಲಿ ಗಾಜಿನ ಫಲಕವನ್ನು ಮುಳುಗಿಸಿಟ್ಟರೆ, ಅದರ ಮೇಲೆ ಸುಮಾರು ಒಂದು ಮೈಕ್ರೋಮೀಟರ್ ದಪ್ಪದ, ಕಪ್ಪು ಕನ್ನಡಿಯಂತಹ ಲೇಪ ಕೂರುತ್ತದೆ. ಹಾಗೆಯೇ ಬಿಟ್ಟ ಲೇಪದ ಸಂವೇದನೆ ಸಾಮಾನ್ಯವಾಗಿ ಅಲ್ಪ. ಗಾಳಿಯಲ್ಲಿ ಕಾಯಿಸಿ, ಹರಳುಗಳ ಮೈಗೂ ಅವು ಪರಸ್ಪರ ತಾಗುವ ಗಡಿಗಳಿಗೂ ಆಮ್ಲಜನಕವನ್ನು ಸೇರಿಸಿದ ಬಳಿಕ ಅದು ಬಹಳಷ್ಟು ಹೆಚ್ಚುತ್ತದೆ.

ಹೊಲಗಳ ನಡುವಣ ಬದುಗಳಿಗೆ ಹೋಲಿಸಬಹುದಾದ ಈ ಗಡಿಗಳಲ್ಲಿ ಪರಮಾಣುಗಳ ಸಾಲು ಮುರಿದಿರುವುದರಿಂದ ಲೋಹವಿಜ್ಞಾನದ ಭಾಷೆಯಲ್ಲಿ ಇವು ದೋಷಗಳೇ ಸರಿ, ಆದರೆ ಇಲ್ಲಿ ಆ ಹೆಸರು ಅಷ್ಟು ನ್ಯಾಯವಾದುದಲ್ಲ. ಕತ್ತಲಲ್ಲಿ ಆವೇಶಗಳು ಒಂದು ಹರಳಿನಿಂದ ಇನ್ನೊಂದಕ್ಕೆ ದಾಟದಂತೆ ತಡೆದು, ಪದರದ ರೋಧವನ್ನು ಏರಿಸಿಡುವವು ಈ ಬದುಗಳೇ. ಬೆಳಕು ಬಿದ್ದು ಆವೇಶಗಳು ಹೆಚ್ಚಿದಾಗ ತಡೆಯ ಎತ್ತರ ತಗ್ಗುತ್ತದೆ. ಅದಕ್ಕಿಂತಲೂ ಮುಖ್ಯವಾದುದು ಮತ್ತೊಂದು ಕೆಲಸ. ಬಿಡುಗಡೆಯಾದ ಎಲೆಕ್ಟ್ರಾನನ್ನು ಆಮ್ಲಜನಕವು ಗಡಿಯಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಅದರ ಜೋಡಿಯಾದ ರಂಧ್ರಕ್ಕೆ ಬೇಗನೆ ಮರಳಿ ಕೂಡುವ ಸಂಗಾತಿ ಸಿಗುವುದಿಲ್ಲ. ಆ ರಂಧ್ರವು ಒಂದು ವಿದ್ಯುದಗ್ರದಲ್ಲಿ ಹೊರಬಿದ್ದೊಡನೆ ಇನ್ನೊಂದರಿಂದ ಹೊಸದು ಒಳಬರುತ್ತದೆ, ಮತ್ತು ಎಲೆಕ್ಟ್ರಾನಿನ ಸೆರೆ ಮುಗಿಯುವವರೆಗೂ ಈ ಹರಿವು ಮುಂದುವರಿಯುತ್ತದೆ. ಹೀಗೆ ಒಂದೇ ಫೋಟಾನಿನಿಂದ, ಎಂದರೆ ಬೆಳಕಿನ ಒಂದೇ ಶಕ್ತಿಪೊಟ್ಟಣದಿಂದ, ಹಲವು ಆವೇಶಗಳ ಪ್ರವಾಹ ಹುಟ್ಟುತ್ತದೆ.

ಸೆರೆ ದೀರ್ಘವಾದಷ್ಟೂ ಬೆಳಕು ಆರಿದ ಮೇಲೂ ಪ್ರವಾಹ ತುಸುಹೊತ್ತು ಉಳಿಯುವುದರಿಂದ, ಈ ಲಾಭಕ್ಕೆ ತೆರಬೇಕಾದ ಬೆಲೆ ನಿಧಾನಗತಿ. ಇಂತಹ ಪದರಗಳ ಪ್ರತಿಕ್ರಿಯೆಯ ಅವಧಿಯನ್ನು ನೂರಾರು ಮೈಕ್ರೋಸೆಕೆಂಡುಗಳಲ್ಲಿ ಎಣಿಸಬೇಕಾಗುತ್ತದೆ. ಹರಳುಗಳು ತೀರ ದೊಡ್ಡವಾದರೆ ಬದುಗಳೇ ವಿರಳವಾಗುತ್ತವೆ. ತೀರ ಸಣ್ಣವಾಗಿ ಆಮ್ಲಜನಕವೂ ಮಿತಿಮೀರಿದರೆ ರೋಧವು ಅಳತೆಗೆ ತೊಡಕಾಗುವಷ್ಟು ಏರುತ್ತದೆ. ಆದ್ದರಿಂದಲೇ ದ್ರಾವಣದ ಹದ, ಕಾಯಿಸುವ ಉಷ್ಣತೆ ಮತ್ತು ಹೊತ್ತು ಇವುಗಳ ಹೊಂದಿಕೆಯು ಬಹುಕಾಲ ಸಿದ್ಧಾಂತಕ್ಕಿಂತ ಕೈಪಳಗಿಕೆಯನ್ನೇ ನೆಚ್ಚಿಕೊಂಡಿತ್ತು.

ತಣಿಸುವಾಗಲೂ ಈ ವಸ್ತು ತನ್ನದೇ ಹಾದಿ ಹಿಡಿಯುತ್ತದೆ. ಹೆಚ್ಚಿನ ಅರೆವಾಹಕಗಳಲ್ಲಿ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ ತಂಪಿನಲ್ಲಿ ಏರಿದರೆ, ಸೀಸದ ಸಲ್ಫೈಡಿನಲ್ಲಿ ಅದು ಇಳಿಯುತ್ತದೆ. ಹಾಗಾಗಿ ತಣಿಸಿದ ಪದರದಲ್ಲಿ ಶಾಖದಿಂದ ಹುಟ್ಟುವ ಗದ್ದಲ ತಗ್ಗುವುದರ ಜೊತೆಗೆ, 3 ಮೈಕ್ರೋಮೀಟರ್‌ಗಿಂತ ಉದ್ದವಾದ ಅಲೆಗಳೂ ಅದರ ಗ್ರಹಿಕೆಗೆ ಸಿಗುತ್ತವೆ.